ಕೆರೆ ಕೆಡುವುದು ನಮ್ಮ ಮನೆಯ ಚೇಂಬರಿನಲ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮೈಸೂರಿನ ಕೆರೆಗಳ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳನ್ನು ತಪ್ಪದೆ ಓದುತ್ತೇನೆ. ಬರೆಯುವವರು ಹೆಚ್ಚಾಗಿ ಬೆಳಗ್ಗೆ ವಾಕಿಂಗ್ ಹೋಗುವವರು. ದಡದಲ್ಲಿ ನಿಂತು ಕಂಡದ್ದನ್ನು ಬರೆಯುತ್ತಾರೆ: ನೊರೆ, ನಾತ, ಪ್ಲಾಸ್ಟಿಕ್ ಕವರು, ಸತ್ತ ಮೀನು. ನಾನು ಇನ್ನೊಂದು ತುದಿಯವನು. ನನ್ನದು ಪ್ಲಂಬಿಂಗ್ ಕೆಲಸ. ಮೂವತ್ತೊಂದು ವರ್ಷದಿಂದ ಈ ಊರಿನ ಮನೆಗಳಿಗೆ ಪೈಪು ಎಳೆದಿದ್ದೇನೆ. ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿ, ಶ್ರೀರಾಂಪುರ, ಈಚೆಗೆ ರಿಂಗ್ ರಸ್ತೆ ದಾಟಿದ ಬಡಾವಣೆಗಳು. ಕೆರೆಗೆ ಕೊಳಕು ಹೋಗುವ ದಾರಿಯಲ್ಲಿ ಪೈಪು ತಿರುಗಿಸುವ ಎಷ್ಟೋ ಬೆಂಡುಗಳನ್ನು ಕೂರಿಸಿದವನು ನಾನೇ. ದಯವಿಟ್ಟು ಹೆಸರು ಹಾಕಬೇಡಿ. ಹಳೆ ಗಿರಾಕಿಗಳೆಲ್ಲ ನಾಳೆ ಬೆಳಗ್ಗೆ ಫೋನ್ ಮಾಡಿ ‘ನಮ್ಮನೇಲೂ ಹಂಗೇ ಮಾಡಿದ್ಯೇನಪ್ಪ?’ ಅಂದರೆ ಒಬ್ಬೊಬ್ಬರಿಗೂ ಉತ್ತರ ಹೇಳುವ ತ್ರಾಣ ನನಗಿಲ್ಲ.

ಹೋದ ಮೇ ತಿಂಗಳ ಒಂದು ರಾತ್ರಿ. ಸಂಜೆ ಆರಕ್ಕೆ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಕಪ್ಪಾಗಿ ಎದ್ದು, ಏಳಕ್ಕೆಲ್ಲ ಆಲಿಕಲ್ಲಿನ ಸಮೇತ ಹೊಡೆದುಬಿಟ್ಟಿತು. ಒಂಬತ್ತರ ಸುಮಾರಿಗೆ ಫೋನು. ಬ್ಯಾಂಕಿನಲ್ಲಿದ್ದು ನಿವೃತ್ತಿಯಾದ ಒಬ್ಬ ತಾಯಿ, ಹತ್ತೊಂಬತ್ತು ವರ್ಷದ ಹಿಂದೆ ಅವರ ಮನೆಗೆ ನಾನೇ ಪೈಪು ಹಾಕಿದ್ದು. ‘ಮೇಸ್ತ್ರಿ, ಬೇಗ ಬಾಪ್ಪ. ಬಚ್ಚಲಿಂದ ನೀರು ವಾಪಸ್ ಬರ್ತಾ ಇದೆ. ದೇವರ ಮನೆ ಹೊಸ್ತಿಲಿಗೆ ಬಂದ್ಬಿಟ್ಟಿದೆ.’

ಹೋಗಿ ನೋಡಿದರೆ ಬಚ್ಚಲಿನ ನೀರು ಇಳಿಯುವ ನಹನಿ ಟ್ರ್ಯಾಪಿನಿಂದ ಬುಳಬುಳ ಎಂದು ಉಕ್ಕುತ್ತಿದೆ. ಅದು ಎಂಥ ನೀರು ಅಂತ ಬಿಡಿಸಿ ಹೇಳುವುದು ಬೇಡ. ಅಮ್ಮನವರು ಹಳೆ ಸೀರೆಗಳನ್ನು ಸುತ್ತಿ ದೇವರ ಮನೆಗೆ ಅಡ್ಡ ಕಟ್ಟೆ ಕಟ್ಟಿದ್ದರು. ನಾನು ಅಂಗಳಕ್ಕೆ ಬಂದು, ಮನೆಯ ಕೊಳಚೆ ಪೈಪುಗಳೆಲ್ಲ ಬಂದು ಸೇರುವ ಚೇಂಬರಿನ ಮುಚ್ಚಳವನ್ನು ಹಾರೆಯಿಂದ ಎತ್ತಿದೆ. ಕಂಠಪೂರ್ತಿ ತುಂಬಿತ್ತು. ಟಾರ್ಚ್ ಬಿಟ್ಟರೆ, ಗೋಡೆಯ ಕಡೆಯಿಂದ ನಾಲ್ಕಿಂಚಿನ ಪೈಪೊಂದು ಆ ಕೊಳಕಿನೊಳಕ್ಕೆ ಶುದ್ಧ ಮಳೆನೀರನ್ನು ಧೋ ಎಂದು ಸುರಿಯುತ್ತಿದೆ. ತಾರಸಿಯ ನೀರು. ಬೆಂಡಿನ ಕೆಳಗೆ ಅರ್ಧ ಇಟ್ಟಿಗೆ ಕೊಟ್ಟು, ಸುತ್ತ ಗಾರೆ ಬಳಿದಿತ್ತು. ಅರ್ಧ ಇಟ್ಟಿಗೆ ಕೊಡುವುದು ನನ್ನ ಗುರುಗಳಿಂದ ಕಲಿತ ಅಭ್ಯಾಸ, ಈ ಭಾಗದಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಬೇರೆಯವರ ತಲೆಗೆ ಕಟ್ಟೋಣ ಅಂದರೂ ದಾರಿ ಇರಲಿಲ್ಲ.

ವಿಷಯ ತಿಳಿಯದವರಿಗಾಗಿ ಒಂದು ಮಾತು. ಮನೆಯಿಂದ ಎರಡು ಬಗೆಯ ನೀರು ಆಚೆ ಹೋಗಬೇಕು, ಎರಡು ಬೇರೆ ಬೇರೆ ದಾರಿಯಲ್ಲಿ. ಕಕ್ಕಸು, ಬಚ್ಚಲು, ಅಡುಗೆಮನೆಯದು ಚೇಂಬರಿಗೆ ಬಂದು, ಅಲ್ಲಿಂದ ರಸ್ತೆಯ ಯುಜಿಡಿಗೆ, ಅಂದರೆ ನೆಲದೊಳಗಿನ ಒಳಚರಂಡಿಗೆ, ಅಲ್ಲಿಂದ ಶುದ್ಧೀಕರಣ ಘಟಕಕ್ಕೆ. ತಾರಸಿ, ಅಂಗಳ, ರಸ್ತೆಯ ಮಳೆನೀರು ಪಕ್ಕದ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಯುಜಿಡಿಯ ಪೈಪನ್ನು ಲೆಕ್ಕ ಹಾಕಿ ಹೂಳಿರುವುದು ಮೊದಲನೆಯ ನೀರಿಗೆ ಮಾತ್ರ. ತಲೆಗೆ ದಿನಕ್ಕೆ 135 ಲೀಟರ್ ಎಂದು ಇಂಜಿನಿಯರುಗಳ ಲೆಕ್ಕ. ನಾಲ್ಕು ಜನರ ಮನೆಗೆ 540 ಲೀಟರ್ ಆಯಿತು, ಅದೂ ಬೆಳಗಿನಿಂದ ರಾತ್ರಿವರೆಗೆ ಹಂಚಿಕೊಂಡು. ಈಗ ಸಾವಿರ ಚದರಡಿಯ ತಾರಸಿಯ ಮೇಲೆ ಅರ್ಧ ಗಂಟೆಯಲ್ಲಿ ಎರಡೂವರೆ ಸೆಂಟಿಮೀಟರ್ ಮಳೆ ಬಿತ್ತು ಅನ್ನಿ. ಸುಮಾರು 2,300 ಲೀಟರ್. ನಾಲ್ಕು ದಿನದ ನೀರು ಅರ್ಧ ಗಂಟೆಯಲ್ಲಿ! ಬೀದಿಯಲ್ಲಿ ಮೂವತ್ತು ಮನೆಯಿದ್ದು ಮೂವತ್ತೂ ಹೀಗೇ ಸೇರಿಸಿಕೊಂಡಿದ್ದರೆ 69 ಸಾವಿರ ಲೀಟರ್. ರಸ್ತೆಯ ಪೈಪು ಇದನ್ನೆಲ್ಲ ಎಲ್ಲಿ ಹಿಡಿಸಿಕೊಂಡೀತು? ತಗ್ಗಿನಲ್ಲಿರುವ ಮನೆಯ ಬಚ್ಚಲಿಂದ ಎದ್ದು ಬರುತ್ತದೆ, ಇಲ್ಲವಾದರೆ ಬೀದಿ ಕೊನೆಯ ಮ್ಯಾನ್‌ಹೋಲಿನ ಮುಚ್ಚಳವನ್ನೇ ಎತ್ತಿಕೊಂಡು ಹೊರಬೀಳುತ್ತದೆ. ಹೊರಬಿದ್ದದ್ದು ಪಕ್ಕದ ಮೋರಿಗೆ. ಮೋರಿ ಹೋಗುವುದು ಕೆರೆಗೆ.

ಮಳೆ ನಿಂತ ಮೇಲೆ ಬಚ್ಚಲಿನ ನೀರು ತಾನಾಗಿ ಇಳಿಯಿತು. ಅಮ್ಮನವರು ಅಷ್ಟು ಹೊತ್ತಿನಲ್ಲೂ ಕಾಫಿ ಕೊಟ್ಟರು. ‘ಏನಾಗಿತ್ತಪ್ಪ?’ ಎಂದು ಕೇಳಿದರು. ‘ಲೈನು ಕಟ್ಟಿಕೊಂಡಿತ್ತಮ್ಮ’ ಎಂದು ಸುಳ್ಳು ಹೇಳಿ ಬಂದೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಐದೂವರೆಗೆ ಅದೇ ಬೀದಿಗೆ ಹೋಗಿ, ಸ್ಕೂಟರ್ ನಿಲ್ಲಿಸಿ, ನೀರು ಹೋದ ದಾರಿಯಲ್ಲೇ ನಡೆದೆ. ಮ್ಯಾನ್‌ಹೋಲಿನ ಸುತ್ತ ಬೂದು ಬಣ್ಣದ ಕೆಸರು, ಅದರಲ್ಲಿ ಅಂಟಿಕೊಂಡ ಕಾಗದದ ಚೂರುಗಳು. ಅಲ್ಲಿಂದ ಮೋರಿಗೆ ಇಳಿದ ಗುರುತು ಸ್ಪಷ್ಟವಾಗಿತ್ತು. ಮುಂದಿನ ತಿರುವಿನಲ್ಲಿ ಗ್ಯಾರೇಜು. ಮುಂದೆ ನೆಲವೆಲ್ಲ ಕರಿ ಆಯಿಲ್, ಮಳೆಗೆ ತೊಳೆದುಕೊಂಡು ಹೋದ ಕಡೆ ನೀರಿನ ಮೇಲೆ ನವಿಲುಗರಿಯ ಬಣ್ಣ. ಅದರಾಚೆ ಗಾಡಿ ತೊಳೆಯುವ ವಾಟರ್ ಸರ್ವಿಸ್. ಕೋಳಿ ಅಂಗಡಿಯ ಹಿಂದೆ ಮೋರಿಯ ತುಂಬ ಪುಕ್ಕ. ಯಾರೋ ಹಳೆ ಮನೆ ಕೆಡವಿದ ಮಣ್ಣು, ಟೈಲ್ಸ್ ಚೂರನ್ನು ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ರಾಜಕಾಲುವೆಯ ಅಂಚಿಗೆ ಸುರಿದಿದ್ದರು, ಅರ್ಧ ಆಗಲೇ ಒಳಕ್ಕೆ ಜಾರಿತ್ತು. ಎಳನೀರು ಬುರುಡೆ, ಹಾಲಿನ ಕವರು, ಗುಟ್ಕಾ ಚೀಟಿ. ಬೇಸಿಗೆಯಲ್ಲಿ ಮೂರು ನಾಲ್ಕು ತಿಂಗಳು ರಸ್ತೆಯ ಮೇಲೆ ಕೂತದ್ದೆಲ್ಲ ಮೊದಲ ಜೋರು ಮಳೆಗೆ ಒಂದೇ ಏಟಿಗೆ ಇಳಿದುಬಿಡುತ್ತದೆ. ಮೊದಲ ಮಳೆ ಬಂತು ಎಂದು ನಾವು ಮಣ್ಣಿನ ವಾಸನೆಗೆ ಮೂಗರಳಿಸುತ್ತೇವೆ. ಕೆರೆಯ ಮೀನಿಗೆ ಅದು ಬೇರೆಯೇ ವಾಸನೆ.

ಯಾವ ಕೆರೆ ಎಂದು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಹೇಳಿದರೆ ಉಳಿದ ಕೆರೆಗಳ ಅಕ್ಕಪಕ್ಕದವರು ‘ಸದ್ಯ, ನಮ್ಮದಲ್ಲ’ ಎಂದು ಪುಟ ತಿರುವುತ್ತಾರೆ.

ಕೆರೆಗೆ ನೀರು ಬೀಳುವ ಕಡೆ ಕಬ್ಬಿಣದ ಜಾಲರಿ ಇತ್ತು, ಕೆಳಗಿನ ಮೂಲೆ ಹರಿದಿತ್ತು. ಅದರ ಪಕ್ಕ ಅಂತರಗಂಗೆ ದಟ್ಟವಾಗಿ ಬೆಳೆದಿತ್ತು. ನೀರಿನ ಮೇಲೆ ಎಲ್ಲಿ ನೋಡಿದರೂ ಸಣ್ಣ ಸಣ್ಣ ಉಂಗುರ. ಮಳೆ ಹನಿ ಇರಬೇಕು ಎಂದು ಮೇಲೆ ನೋಡಿದೆ, ಮಳೆಯಿಲ್ಲ. ಜಿಲೇಬಿ ಮೀನುಗಳು ಮೂತಿಯನ್ನಷ್ಟೇ ಮೇಲಕ್ಕೆ ಇಟ್ಟು ಬಾಯಿ ತೆಗೆದು ಮುಚ್ಚಿ ಮಾಡುತ್ತಿದ್ದವು. ನೂರಾರು ಬಾಯಿ. ಏರಿಯ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಹತ್ತು ಗಂಟೆಯ ಹೊತ್ತಿಗೆ ಕೆಲವು ಹೊಟ್ಟೆ ಮೇಲಾಗಿ ತೇಲಿದವಂತೆ. ಅದನ್ನು ನೋಡಲು ನಾನು ಅಲ್ಲಿರಲಿಲ್ಲ, ಹೆಬ್ಬಾಳದಲ್ಲಿ ಒಂದು ಗೀಸರ್ ಕೂರಿಸುವುದಿತ್ತು.

ಬೆಳಗಿನ ಜಾವವೇ ಯಾಕೆ ಹೀಗೆ ಎಂದು ನನಗೆ ತಿಳಿಸಿಕೊಟ್ಟವರು ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರು. ಅವರ ಮನೆ ಸಿಂಕ್ ಬಿಚ್ಚುತ್ತಾ ಕೇಳಿದೆ. ನಮ್ಮ ಕಕ್ಕಸಿನ ನೀರು, ಸೋಪಿನ ನೀರು ಪಾಚಿಗೆ ಗೊಬ್ಬರವಂತೆ. ಸಾರಜನಕ, ರಂಜಕ ಎರಡೂ ಸಿಕ್ಕಿದರೆ ಅದು ಹುಲುಸಾಗಿ ಬೆಳೆದು ನೀರನ್ನು ಹಸಿರು ಮಾಡುತ್ತದೆ. ಹಗಲು ಬಿಸಿಲಿರುವಾಗ ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಕೊಟ್ಟದ್ದನ್ನು ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಅದರ ಮೇಲೆ ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಹೊತ್ತು ಹುಟ್ಟುವ ಮುಂಚೆ ಮೀನಿಗೆ ಏನೂ ಉಳಿದಿರುವುದಿಲ್ಲ. ‘ರಾತ್ರಿ ಮಳೆ ಬಂದು ಮೋರಿ ನೀರು ಒಮ್ಮೆಗೇ ನುಗ್ಗಿದ್ರೆ ಮುಗೀತು, ಮೇಸ್ತ್ರಿ’ ಅಂದರು ಮೇಷ್ಟ್ರು. ಅವರ ಮನೆ ವಾಷಿಂಗ್ ಮೆಷಿನ್ ತಾರಸಿಯ ಮೇಲಿತ್ತು. ಅದರ ಪೈಪು ಮಳೆನೀರಿನ ಪೈಪಿಗೆ ಸೇರಿತ್ತು. ಸೋಪಿನ ನೀರು ನೇರ ಮೋರಿಗೆ. ತೋರಿಸಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದೇ ನೋಡಿ ನಾವು ಮಾಡಿಕೊಂಡಿರುವ ಅದಲುಬದಲು. ಕೆರೆಗೆ ಹೋಗಬೇಕಾದ ಮಳೆನೀರು ಕಕ್ಕಸಿನ ಪೈಪಿನಲ್ಲಿ. ಕಕ್ಕಸಿನ ಪೈಪಿಗೆ ಹೋಗಬೇಕಾದ ಸೋಪಿನ ನೀರು ಮಳೆಯ ಮೋರಿಯಲ್ಲಿ.

ಮನೆಯವರು ಹೀಗೆ ಯಾಕೆ ಮಾಡಿಸುತ್ತಾರೆ ಅಂದರೆ ದುಷ್ಟತನಕ್ಕಲ್ಲ. ತಾರಸಿ ನೀರನ್ನು ರಸ್ತೆಗೆ ಬಿಟ್ಟರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಮೋರಿಗೆ ಬಿಡೋಣ ಅಂದರೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ, ಮೋರಿಯನ್ನೂ ಎತ್ತರಿಸಿ, ಈಗ ಮನೆಯ ಅಂಗಳವೇ ತಗ್ಗು; ನೀರು ಹರಿಯಲು ವಾಟ (ಇಳಿಜಾರು) ಸಿಗುವುದಿಲ್ಲ. ಇಂಗುಗುಂಡಿ ಪ್ಲಾನಿನಲ್ಲಿ ಇರುತ್ತದೆ, ಸೈಟಿನಲ್ಲಿ ಇರುವುದಿಲ್ಲ. ಆ ಜಾಗದಲ್ಲಿ ಕಾರು ನಿಂತಿರುತ್ತದೆ. ‘ಅಲ್ಲೇ ಚೇಂಬರ್ ಇದೆಯಲ್ಲ ಮೇಸ್ತ್ರಿ, ಅದಕ್ಕೇ ಕೊಟ್ಬಿಡಿ, ಲೈನೂ ತೊಳ್ಕೊಂಡು ಹೋಗುತ್ತೆ’ ಅನ್ನುತ್ತಾರೆ. ಲೈನ್ ತೊಳೆದುಕೊಂಡು ಹೋಗುತ್ತದೆ ಎಂಬ ಈ ಮಾತನ್ನು ಕಲಿಸಿದವರೂ ನಮ್ಮಂಥ ಪ್ಲಂಬರುಗಳೇ. ಎರಡು ಬೆಂಡು, ಹತ್ತಡಿ ಪೈಪು, ಒಂದು ಡಬ್ಬಿ ಸೊಲ್ಯೂಷನ್ನಿನಲ್ಲಿ ಕೆಲಸ ಮುಗಿಯುತ್ತಿತ್ತು. ಬೇಡ ಅಂದರೆ ಆ ಕೆಲಸ ಇನ್ನೊಬ್ಬ ಮೇಸ್ತ್ರಿಗೆ ಹೋಗುತ್ತಿತ್ತು. ಎಷ್ಟು ಮನೆಗೆ ಹಾಗೆ ಮಾಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಇಟ್ಟಿಲ್ಲದಿರುವುದೇ ಒಳ್ಳೆಯದು.

ಮೈಸೂರಿನವರಿಗೆ ಇದು ತಿಳಿಯದ ವಿದ್ಯೆಯೇನಲ್ಲ. ಪ್ಲೇಗ್ ಬಂದು ಊರು ಅಲ್ಲಾಡಿದ ಮೇಲೆ, 1903ರಲ್ಲಿ, ದೇಶದ ಮೊದಮೊದಲಿನವುಗಳಲ್ಲಿ ಒಂದು ಎನ್ನುವ ಹಾಗೆ ನಗರಾಭಿವೃದ್ಧಿಯ ವಿಶ್ವಸ್ಥ ಮಂಡಳಿ ಇಲ್ಲಿ ಆಯಿತು. ಅಗಲ ರಸ್ತೆ, ಚರಂಡಿ, ಹೊಸ ಮೊಹಲ್ಲಾಗಳು ಬಂದವು. ನೆಲದ ಇಳಿಜಾರು ಕೂಡ ನಮ್ಮ ಕಡೆಗೇ ಇದೆ: ಊರಿನ ಉತ್ತರದ ನೀರು ಕೆಸರೆ ಕಡೆ ಇಳಿದು ಕಾವೇರಿಗೆ, ದಕ್ಷಿಣದ ನೀರು ಕಬಿನಿಗೆ. ಅದಕ್ಕೆ ಸರಿಯಾಗಿ ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಮೂರೂ ಕಡೆ ಶುದ್ಧೀಕರಣ ಘಟಕ ಕಟ್ಟಿದ್ದಾರೆ. ಮೂರರ ಸಾಮರ್ಥ್ಯ ಸೇರಿ ದಿನಕ್ಕೆ 15 ಕೋಟಿ 76 ಲಕ್ಷ ಲೀಟರಿಗೂ ಮೇಲೆ. ಆದರೆ ದಾರಿಯಲ್ಲೇ ಮ್ಯಾನ್‌ಹೋಲಿನಿಂದ ಉಕ್ಕಿ ಮೋರಿಗೆ ಬಿದ್ದ ನೀರು ಘಟಕದ ಮುಖವನ್ನೇ ನೋಡುವುದಿಲ್ಲ. ಕೊಳಚೆ ಸೇರಿ ಕೆಟ್ಟ ದಳವಾಯಿ ಕೆರೆಯ ಪಾಡು ಊರಿಗೆಲ್ಲ ಗೊತ್ತಿರುವುದೇ.

ಹಿಂದಿನವರು ಕೆರೆಗೆ ನೀರು ಬರುವ ದಾರಿಯನ್ನು ಎಷ್ಟು ಜತನ ಮಾಡುತ್ತಿದ್ದರು ಎನ್ನುವುದಕ್ಕೆ ಪೂರ್ಣಯ್ಯನ ನಾಲೆಯನ್ನು ನೋಡಬೇಕು. ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸಿದ್ದು. ಆ ಆಸೆ ಕೈಗೂಡಲಿಲ್ಲ, ನಾಲೆ ಮಾತ್ರ ಉಳಿದು ಕುಕ್ಕರಹಳ್ಳಿ ಕೆರೆಗೆ ಮಳೆನೀರು ತರುವ ಕಾಲುವೆಯಾಯಿತು. ಈಗ ಅದರ ಮೇಲೆ ಸೈಟು, ರಸ್ತೆ, ಕಾಂಪೌಂಡು. ನಾನೇ ಒಂದು ಕಡೆ ಪಾಯದಲ್ಲಿ ಹಳೆ ಕಾಲುವೆಯ ಕಲ್ಲು ಸಿಕ್ಕಿದ್ದು ನೋಡಿದ್ದೇನೆ; ಮಾಲೀಕರು ‘ಗಟ್ಟಿ ಕಲ್ಲು’ ಎಂದು ಖುಷಿಪಟ್ಟು ಅದನ್ನೇ ಮೆಟ್ಟಿಲಿಗೆ ಬಳಸಿದರು. ಲಿಂಗಾಂಬುಧಿ ಕೆರೆ 1828ರದು, ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಅದು ಊರಾಚೆ ಇದ್ದಾಗ ಸುತ್ತಲ ಹೊಲದ ನೀರು ಬರುತ್ತಿತ್ತು. ಈಗ ಸುತ್ತ ಬರೀ ತಾರಸಿ. ಇನ್ನು ದೊಡ್ಡಕೆರೆ ಹೆಸರಿನಲ್ಲಿ ಮಾತ್ರ ಉಳಿದಿದೆ. ದೊಡ್ಡಕೆರೆ ಮೈದಾನದಲ್ಲಿ ದಸರಾ ಎಕ್ಸಿಬಿಷನ್ನಿಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಿನ್ನುವವರಿಗೆ ಕಾಲ ಕೆಳಗೆ ಕೆರೆ ಇತ್ತು ಎಂಬ ನೆನಪಾದರೂ ಎಲ್ಲಿ ಬರಬೇಕು.

ಕೆಟ್ಟದ್ದು ಸರಿಯಾಗುವುದಿಲ್ಲ ಅಂತೇನಿಲ್ಲ. ಕಾರಂಜಿ ಕೆರೆಗೂ ಒಂದು ಕಾಲಕ್ಕೆ ಕೊಳಚೆ ನೀರು ಹರಿಯುತ್ತಿತ್ತು. ಮೃಗಾಲಯದವರ ಕೈಗೆ ಬಂದು, ಕೊಳಚೆಯನ್ನು ಬೇರೆ ಕಡೆ ತಿರುಗಿಸಿ, ಹೂಳು ತೆಗೆದ ಮೇಲೆ ಮತ್ತೆ ಹಕ್ಕಿಗಳು ಬಂದವು. ಈಗ ಟಿಕೆಟ್ ಕೊಟ್ಟು ನೋಡುತ್ತೇವೆ. ಅಲ್ಲಿ ಮೊದಲು ಮಾಡಿದ್ದು ನೀರಿನ ಕೆಲಸ, ಆಮೇಲೆ ದೋಣಿ, ಚಿಟ್ಟೆ ಪಾರ್ಕು. ಈಗ ಬೇರೆ ಕಡೆಗಳಲ್ಲಿ ನೋಡುತ್ತಿರುವುದು ತಲೆಕೆಳಗು. ಮೊದಲು ಗ್ರಿಲ್ಲು, ಆಮೇಲೆ ಇಂಟರ್‌ಲಾಕ್ ಇಟ್ಟಿಗೆಯ ವಾಕಿಂಗ್ ಪಾತು, ಆಮೇಲೆ ಬಣ್ಣದ ದೀಪ, ಸೆಲ್ಫಿ ತೆಗೆಯುವ ಕಟ್ಟೆ. ನೀರಿನ ಸರದಿ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಬಣ್ಣದ ದೀಪದ ಬೆಳಕಿನಲ್ಲಿ ನೊರೆ ಚೆನ್ನಾಗಿಯೇ ಕಾಣುತ್ತದೆ, ಅದು ಬೇರೆ ಮಾತು.

ದೂರು ಕೊಡಲಿಲ್ಲವೇ ಅಂದರೆ, ಕೊಟ್ಟೆ. ಮೊದಲು ಹೋದ ಕಚೇರಿಯಲ್ಲಿ ‘ಮ್ಯಾನ್‌ಹೋಲ್ ನಮ್ಮ ಲಿಮಿಟ್ಟಲ್ಲಿ ಬರಲ್ಲ’ ಅಂದರು. ಎರಡನೆಯ ಕಡೆ ‘ಆ ಬಡಾವಣೆ ನಮಗಿನ್ನೂ ಹಸ್ತಾಂತರ ಆಗಿಲ್ಲ’ ಅಂದರು. ಮೂರನೆಯ ಕಡೆ ಇದ್ದ ಹಿರಿಯರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು: ‘ನೋಡಿ, ಏರಿ ನಮ್ದು, ಗಿಡ ನಮ್ದು. ನೀರು ನಮ್ದಲ್ಲ.’ ಮೂರೂ ಕಡೆಯ ಸ್ವೀಕೃತಿ ಚೀಟಿ ನನ್ನ ಟೂಲ್ ಬ್ಯಾಗಿನಲ್ಲಿ ಥ್ರೆಡ್ ಸೀಲ್ ಟೇಪಿನ ಜೊತೆ ಇವೆ. ಯಾರನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ಆ ಬೆಂಡನ್ನು ಅವರ್ಯಾರೂ ಕೂರಿಸಲಿಲ್ಲ.

ಅಧಿಕಾರಿಗಳಲ್ಲಿ ನನ್ನದೊಂದೇ ಕೋರಿಕೆ. ಹೊಸ ಮನೆಗೆ ಯುಜಿಡಿ ಸಂಪರ್ಕ ಕೊಡುವ ದಿನ ಒಬ್ಬರು ಬಂದು ಚೇಂಬರಿನ ಮುಚ್ಚಳ ತೆಗೆಸಿ ನೋಡಲಿ. ಕಾಗದ ನೋಡಿದರೆ ಸಾಲದು, ಚೇಂಬರ್ ನೋಡಬೇಕು. ಒಳಗೆ ಎಷ್ಟು ಪೈಪು ಬಂದಿವೆ, ಯಾವುದು ಎಲ್ಲಿಂದ ಬಂತು ಎಂದು ಕೇಳಿದರೆ ಐದು ನಿಮಿಷದ ಕೆಲಸ. ಹಳೆ ಬಡಾವಣೆಗಳಲ್ಲಿ ಮ್ಯಾನ್‌ಹೋಲ್ ಉಕ್ಕುವ ಬೀದಿಗಳು ವಾರ್ಡಿನ ಪೌರಕಾರ್ಮಿಕರಿಗೆ ಬಾಯಿಪಾಠ. ಅವರನ್ನು ಕೇಳಿ, ಆ ಬೀದಿಗಳಿಂದಲೇ ಶುರು ಮಾಡಲಿ.

ಓದುಗರಿಗೆ ಹೇಳುವುದು ಇನ್ನೂ ಸುಲಭ. ನಿಮ್ಮ ಮನೆ ಹೇಗಿದೆ ಎಂದು ತಿಳಿಯಲು ನನ್ನನ್ನು ಕರೆಯುವುದೂ ಬೇಡ. ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಡಿ. ಒಬ್ಬರು ತಾರಸಿಯ ಮೇಲೆ ಮಳೆನೀರಿನ ತೂತಿನ ಹತ್ತಿರ ಅದನ್ನು ಸುರಿಯಿರಿ, ಇನ್ನೊಬ್ಬರು ಕೆಳಗೆ ಚೇಂಬರಿನ ಮುಚ್ಚಳ ತೆಗೆದು ನಿಂತಿರಿ. ನೀಲಿ ಅಲ್ಲಿ ಬಂದರೆ ನಿಮ್ಮ ಮನೆಯೂ ಸೇರಿತು. ಆಮೇಲೆ ವಾಷಿಂಗ್ ಮೆಷಿನ್ನಿನ ಪೈಪಿಗೂ ಹೀಗೇ ಮಾಡಿ, ಆದರೆ ಆಗ ನಿಲ್ಲಬೇಕಾದದ್ದು ಮೋರಿಯ ಹತ್ತಿರ.

ನಮ್ಮ ಬೀದಿಯಲ್ಲಿ ಹೀಗೆ ನೋಡಲು ಒಪ್ಪಿದ್ದು ಏಳು ಮನೆಯವರು. ಐದು ಮನೆಯಲ್ಲಿ ನೀಲಿ ಚೇಂಬರಿಗೆ ಬಂತು. ಆರನೆಯ ಮನೆಯಲ್ಲಿ ಎಲ್ಲಿಯೂ ಬರಲೇ ಇಲ್ಲ, ಪೈಪಿನಲ್ಲಿ ಅಳಿಲು ಗೂಡು ಕಟ್ಟಿತ್ತು. ಸರಿಯಿದ್ದದ್ದು ಒಂದೇ ಮನೆ, ಅದು ನನ್ನದಲ್ಲ. ನನ್ನ ಮನೆಯಲ್ಲಿ ನೀಲಿ ಬಂದಾಗ ನನ್ನ ಹೆಂಡತಿ ಮುಚ್ಚಳ ಹಿಡಿದುಕೊಂಡು ಮೇಲೆ ನೋಡಿ, ‘ಊರಿಗೆಲ್ಲ ಬುದ್ಧಿ ಹೇಳೋಕೆ ಹೊರಟ್ರಲ್ಲ’ ಅಂದಳು. ಆ ಭಾನುವಾರವೇ ಹ್ಯಾಕ್ಸಾ ಬ್ಲೇಡು ಹಿಡಿದು ಆ ಪೈಪನ್ನು ಕೊಯ್ದೆ.

ಬ್ಯಾಂಕಿನ ಅಮ್ಮನವರ ಮನೆಗೂ ಹೋದೆ. ಅವತ್ತು ಹೇಳಿದ ಸುಳ್ಳನ್ನು ಒಪ್ಪಿಕೊಂಡು, ಬೆಂಡು ಬಿಚ್ಚಿ, ಚೇಂಬರಿನ ತೂತಿಗೆ ಗಾರೆ ಮೆತ್ತಿದೆ. ಗೇಟಿನ ಪಕ್ಕದ ಹೂವಿನ ಪಾತಿಯಲ್ಲಿ ಮೂರಡಿ ಅಗಲದ ಸಿಮೆಂಟ್ ರಿಂಗ್ ಇಳಿಸಿ, ಜಲ್ಲಿ ತುಂಬಿಸಿ, ತಾರಸಿ ನೀರನ್ನು ಅಲ್ಲಿಗೆ ತಿರುಗಿಸಿದೆ. ಸಾಮಾನಿನ ದುಡ್ಡು ಅವರು ಕೊಟ್ಟರು, ಕೂಲಿ ನಾನು ಮುಟ್ಟಲಿಲ್ಲ. ಒಂದು ದಾಸವಾಳದ ಗಿಡ ಹೋಯಿತು ಎಂದು ಅವರಿಗೆ ಬೇಜಾರು.

ಮೊನ್ನೆ ಮತ್ತೆ ಜೋರು ಮಳೆ ಬಂತಲ್ಲ, ಆ ರಾತ್ರಿ ಅವರದೇ ಫೋನು. ಎದೆ ಧಸಕ್ಕೆಂದಿತು. ‘ನಮ್ಮನೆ ಬಚ್ಚಲು ಸರಿಯಾಗಿದೆಯಪ್ಪ, ಗುಂಡಿನೂ ನೀರು ಕುಡೀತಾ ಇದೆ. ಪಕ್ಕದ ಮನೆಯವರ ಅಂಗಳದಲ್ಲಿ ಚೇಂಬರ್ ಉಕ್ತಾ ಇದೆ. ನಿನ್ನ ನಂಬರ್ ಕೇಳ್ತಾ ಇದಾರೆ, ಕೊಡ್ಲಾ?’

ಕೊಡಿ ಅಮ್ಮ, ಬಕೆಟ್ಟು, ನೀಲಿ ತೆಗೆದಿಟ್ಟುಕೊಂಡಿರಲಿ ಅಂದೆ.

ಇತಿ,
ತಮ್ಮ ಓದುಗ,
ಒಬ್ಬ ಪ್ಲಂಬಿಂಗ್ ಮೇಸ್ತ್ರಿ
ಮೈಸೂರು